ತೋಟದಲ್ಲಿ ಯಾರಿಗೆ ಪಾಲು?

ಕರ್ನಾಟಕದ ಕಾಫಿ ಚರಿತ್ರೆ ಎಂದರೆ ನಾವು ಸಾಮಾನ್ಯವಾಗಿ ಹೇಳುವುದು ಎರಡು ಕತೆ. ಒಂದು, 17ನೇ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ. ಇನ್ನೊಂದು, 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಡು ಕಡಿದು ಎಸ್ಟೇಟು ಮಾಡಿದ್ದು. ಆಮೇಲಿನದನ್ನೆಲ್ಲ ‘ತಲೆಮಾರಿನಿಂದ ತಲೆಮಾರಿಗೆ ಬಂತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಲೆನಾಡಿನ ಭೂಒಡೆತನದ ಬಗ್ಗೆ ಸಂಶೋಧನೆ ಮಾಡುತ್ತಿರುವ ನನ್ನನ್ನು ಕಾಡುವುದು ಈ ಮಾತೇ. ಯಾರಿಂದ ಯಾರಿಗೆ ಬಂತು? ಯಾರಿಗೆ ಬರಲಿಲ್ಲ?

ಗದ್ದೆಯನ್ನು ಪಾಲು ಮಾಡುವುದು ಸುಲಭ. ನಡುವೆ ಒಂದು ಬದು ಹಾಕಿದರಾಯಿತು. ಕಾಫಿ ತೋಟ ಹಾಗಲ್ಲ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ನೀರು ಕೊಡುವ ಕೆರೆ ಒಂದೇ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಒಂದೇ, ಒಣಗಿಸುವ ಕಣ ಒಂದೇ. ಆದ್ದರಿಂದ ‘ತೋಟ ಒಡೆಯಬಾರದು’ ಎಂಬುದು ಕಾಫಿ ಮನೆತನಗಳಲ್ಲಿ ಒಂದು ನೀತಿಯಂತೆಯೇ ಬೆಳೆಯಿತು.

ಸರ್ಕಾರವೂ ಈ ನೀತಿಗೆ ಒತ್ತಾಸೆಯಾಯಿತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. 1974ರ ತಿದ್ದುಪಡಿಯ ನಂತರ ಗೇಣಿ ಗದ್ದೆಗಳು ಉಳುವವರ ಪಾಲಾದಾಗಲೂ ಪಕ್ಕದ ಕಾಫಿ ತೋಟ ಹಾಗೇ ಉಳಿಯಿತು. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಯನ್ನೆಲ್ಲ ಒಂದೇ ಪೂಲ್‌ಗೆ ಪಡೆದು ಮಾರುತ್ತಿದ್ದ ಕಾಫಿ ಬೋರ್ಡು ಮಾರುಕಟ್ಟೆಯ ಚಿಂತೆಯನ್ನೂ ಕಡಿಮೆ ಮಾಡಿತ್ತು. ಒಂದು ಮನೆತನ ತೋಟ ಉಳಿಸಿಕೊಂಡದ್ದರ ಹಿಂದೆ ಅಜ್ಜನ ದುಡಿಮೆಯಷ್ಟೇ ಈ ಕಾನೂನುಗಳೂ ಇವೆ.

ಒಡೆಯದಿರಲು ಬೆಲೆ ತೆತ್ತವರಲ್ಲಿ ಮೊದಲಿಗರು ಹೆಣ್ಣುಮಕ್ಕಳು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. ನನ್ನ ಅಮ್ಮನ ಮದುವೆ 1989ರಲ್ಲಿ. ತವರು ಮೂಡಿಗೆರೆ ಕಡೆ, ಸಣ್ಣ ತೋಟ. ಅತ್ತಿಗುಪ್ಪೆಯ ನಮ್ಮ ಮನೆಗೆ ಪ್ರತಿ ವರ್ಷ ಅಲ್ಲಿಂದ ಕಾಫಿಪುಡಿ, ಮೆಣಸು ತಪ್ಪದೆ ಬರುತ್ತವೆ. ನಾವು ಅದನ್ನು ತವರಿನ ಪ್ರೀತಿ ಎಂದೇ ತಿಳಿದು ಬೆಳೆದವರು; ಪ್ರೀತಿಯೂ ಹೌದು. ಆದರೆ ಉಡುಗೊರೆ ಬೇರೆ, ಪಾಲು ಬೇರೆ. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ಕೈಬಿಟ್ಟಿತು. ಆಗ ತಂದೆ ಬದುಕಿರಲಿ, ಇಲ್ಲದಿರಲಿ, ಮಗಳ ಹಕ್ಕು ನಿಲ್ಲುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದಾದ ಮೇಲೆ ತವರಿನಿಂದ ಹಕ್ಕು ಬಿಡುಗಡೆ ಪತ್ರವೊಂದು ಬಂತು. ಅಮ್ಮ ಇನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ. ‘ಪಾಲು ಕೇಳಿ ಆಮೇಲೆ ಆ ಮನೆ ಜಗಲಿ ಮೇಲೆ ಹೋಗಿ ಕೂರೋದು ಹ್ಯಾಗೆ?’ ಎನ್ನುತ್ತಾಳೆ. ಯಾವ ಕಾಯ್ದೆಯಲ್ಲೂ ಇದಕ್ಕೆ ಉತ್ತರವಿಲ್ಲ.

ಅಮ್ಮನಿಗೆ ಕೊನೆಗೂ ಒಂದು ಕಾನೂನಾದರೂ ಸಿಕ್ಕಿತು. ಲೈನ್ ಮನೆಯವರಿಗೆ ಅದೂ ಇಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳು ಕಾರ್ಮಿಕರಿಗೆ ವಸತಿ ಕೊಡಬೇಕೆಂದು ಹೇಳಿತು. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಅಜ್ಜಿ, ಮಗಳು, ಮೊಮ್ಮಗಳು ಒಂದೇ ತೋಟದಲ್ಲಿ ಹಣ್ಣು ಕುಯ್ದ ಕುಟುಂಬಗಳಿವೆ. ಅವರದೂ ತಲೆಮಾರುಗಳೇ. ಯಾವ ಗಿಡ ಎಷ್ಟು ಹಣ್ಣು ಬಿಡುತ್ತದೆ, ಯಾವ ಮರದ ಯಾವ ಕೊಂಬೆ ಕಡಿದರೆ ಬಿಸಿಲು ಸರಿಯಾಗಿ ಬೀಳುತ್ತದೆ ಎಂಬ ಅರಿವು ಅವರಲ್ಲೂ ತಾಯಿಯಿಂದ ಮಗಳಿಗೆ ಬಂದಿದೆ. ಬಾರದೆ ಉಳಿದದ್ದು ನೆಲ ಮಾತ್ರ.

ಕಾಫಿ ಮನೆತನದ ಚರಿತ್ರೆ ಬರೆಯುವವರು ಮೊದಲು ಹುಡುಕುವುದು ವಿಭಾಗ ಪತ್ರ, ಪಹಣಿ, ವಂಶವೃಕ್ಷಗಳನ್ನು. ಇವುಗಳಲ್ಲಿ ಸಿಗುವುದು ಪಾಲು ಪಡೆದವರ ಹೆಸರು. ದಿನದಿನದ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಗಳಲ್ಲಿ ಪಾಲಿಲ್ಲದವರ ಹೆಸರುಗಳಿವೆ. ಗೆದ್ದಲು ಹಿಡಿಯುವ ಮೊದಲು ಅವನ್ನೂ ಕೆಳಗಿಳಿಸಿ ಓದಬೇಕು.