ಆರಂಭವಾದೊಡನೆ ನಿಂತುಹೋಗುವ ಗಣಕಯಂತ್ರ

ಗುಂಡಿ ಒತ್ತಿದೊಡನೆ ಫ್ಯಾನ್ ತಿರುಗುತ್ತದೆ, ದೀಪ ಬೆಳಗುತ್ತದೆ. ತುಸು ಹೊತ್ತಿನಲ್ಲೇ ಎಲ್ಲವೂ ಸ್ತಬ್ಧ. ಮೇಜಿನ ಗಣಕಯಂತ್ರ ಹೀಗಾದಾಗ ಅದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ನಾವು ಮೊದಲು ಗಮನಿಸಬೇಕು.

ಕೆಲವು ನಿಮಿಷಗಳಲ್ಲಿ ನಿಂತರೆ: ಕಾರಣ ಬಹುಮಟ್ಟಿಗೆ ಶಾಖ. ಪ್ರೊಸೆಸರ್ ಮಿತಿಮೀರಿ ಕಾದಾಗ ಯಂತ್ರವು ಆತ್ಮರಕ್ಷಣೆಗಾಗಿ ತಾನೇ ನಿಲ್ಲುತ್ತದೆ. ಹೀಟ್‌ಸಿಂಕ್‌ನಲ್ಲಿ ಧೂಳು ತುಂಬಿರಬಹುದು, ಫ್ಯಾನ್ ಕೆಟ್ಟಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು. ಬಯೋಸ್ ಪರದೆಯಲ್ಲಿ ಉಷ್ಣತೆ 90 ಡಿಗ್ರಿ ಸೆಲ್ಸಿಯಸ್‌ನತ್ತ ಏರುತ್ತಿದ್ದರೆ ಸಂಶಯವೇ ಬೇಡ.

ಕೆಲವೇ ಸೆಕೆಂಡುಗಳಲ್ಲಿ ನಿಂತರೆ: ದುರ್ಬಲವಾದ ಎಸ್‌ಎಂಪಿಎಸ್, ಸಡಿಲಗೊಂಡ 4 ಅಥವಾ 8 ಪಿನ್ನಿನ ಪ್ರೊಸೆಸರ್ ವಿದ್ಯುತ್ ಜೋಡಣೆ, ಒಳಗೇ ಸಿಕ್ಕಿಕೊಂಡ ಗುಂಡಿ, ಮದರ್‌ಬೋರ್ಡ್‌ನ ಮೇಲೆ ಉಬ್ಬಿದ ಕೆಪಾಸಿಟರ್, ಶಾರ್ಟ್ ಸರ್ಕ್ಯೂಟ್ ಇವುಗಳನ್ನು ಶಂಕಿಸಬೇಕು. ಹೀಟ್‌ಸಿಂಕ್ ಕಳಚಿಕೊಂಡಿದ್ದರೂ ಹೀಗಾಗುವುದುಂಟು.

ಎಚ್ಚರಿಕೆ: ಪ್ಲಗ್ ಕಿತ್ತ ನಂತರವೇ ಪೆಟ್ಟಿಗೆ ತೆರೆಯಿರಿ. ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪದೇ ಪದೇ ಗುಂಡಿ ಒತ್ತುವುದೂ ಸಲ್ಲದು. ಹಠಾತ್ತನೆ ನಿಲ್ಲುವ ಯಂತ್ರದಲ್ಲಿ ಕಡತಗಳು ಕೆಡಬಹುದು. ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತದೆ. ಅದನ್ನು ತೆಗೆದು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ಮನೆಯ ಛಾಯಾಚಿತ್ರಗಳನ್ನೂ ಹಿರಿಯರ ಬರಹಗಳನ್ನೂ ನಕಲಿಸಿಕೊಳ್ಳಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳಿದ್ದರೆ ಅವುಗಳ ಫಾಂಟ್‌ಗಳನ್ನೂ ಮರೆಯದೆ ನಕಲಿಸಿರಿ. ಅವಿಲ್ಲದಿದ್ದರೆ ಯೂನಿಕೋಡ್‌ಗೆ ಮುಂಚಿನ ಕನ್ನಡವು ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಬರೆದಿಟ್ಟದ್ದನ್ನಲ್ಲ.