ಹತ್ತು ದಿನದ ಲೀಗು, ನೂರು ವರ್ಷದ ಡ್ರಿಲ್ ಮೇಷ್ಟ್ರು



ತಾಂಬರಂನಿಂದ ಬೀಚ್ ಕಡೆಗೆ ಹೋಗುವ ಲೋಕಲ್ ರೈಲು ನಿಮಗೆಲ್ಲ ಗೊತ್ತೇ ಇದೆ. 1931ರಿಂದ ವಿದ್ಯುತ್ತಿನಲ್ಲಿ ಓಡುತ್ತಿರುವ ಈ ರೈಲಿನಲ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ಸೆಂಟ್ರಲ್ ದಾಟಿ ಪೆರಿಯಮೇಡಿನ ಕಡೆ ನಡೆದರೆ ಜವಾಹರಲಾಲ್ ನೆಹರೂ ಒಳಾಂಗಣ ಕ್ರೀಡಾಂಗಣ ಸಿಗುತ್ತದೆ. 2016ರ ಜುಲೈ 17ರಂದು ಅಲ್ಲಿ ನಮ್ಮ ಬೆಂಗಳೂರಿನ ಹೆಸರು ಹೊತ್ತ ತಂಡವೊಂದು ಗೋವಾ ವಿರುದ್ಧ 7-2ರಿಂದ ಸೋತಿತು. ಆ ಏಳರಲ್ಲಿ ಐದು ಗೋಲು ಬ್ರೆಜಿಲ್‌ನ ರೊನಾಲ್ಡಿನ್ಯೊ ಒಬ್ಬರೇ ಹೊಡೆದದ್ದು.

ಆಟದ ಹೆಸರು ಫುಟ್ಸಾಲ್. ಸೂರಿನ ಕೆಳಗೆ, ಗಟ್ಟಿ ನೆಲದ ಮೇಲೆ, ಗೋಲಿಯೂ ಸೇರಿ ಐದೈದು ಜನ ಆಡುವ ಫುಟ್‌ಬಾಲ್. ಚೆಂಡು ಸ್ವಲ್ಪ ಚಿಕ್ಕದು, ಪುಟಿಯುವುದು ಕಡಿಮೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಜಾಗ ಕಡಿಮೆ ಇರುವುದರಿಂದ ಕಾಲಿಗಿಂತ ಮೊದಲು ತಲೆ ಓಡಬೇಕು.

ಈ ಆಟ ಹುಟ್ಟಿದ್ದು 1930ರಲ್ಲಿ, ಉರುಗ್ವೆ ದೇಶದ ಮಾಂಟೆವಿಡಿಯೋದಲ್ಲಿ. ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು, ಹುಡುಗರು ಒಳಗೂ ಫುಟ್‌ಬಾಲ್ ಆಡಲಿ ಎಂದು ಬಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಟರ್ ಪೋಲೋಗಳಿಂದ ನಿಯಮಗಳನ್ನು ಎರವಲು ಪಡೆದು ಇದನ್ನು ಹೊಂದಿಸಿದರು.

ಅದೇ ವೈ.ಎಂ.ಸಿ.ಎ.ಯ ಕಥೆ ನಮ್ಮ ರೈಲು ದಾರಿಯಲ್ಲೂ ಇದೆ. ಸೈದಾಪೇಟೆ ಸ್ಟೇಷನ್ನಿಗೆ ಹತ್ತಿರದ ನಂದನಂನಲ್ಲಿ ಅದರ ದೈಹಿಕ ಶಿಕ್ಷಣ ಕಾಲೇಜು ಇದೆಯಲ್ಲ, ಅದನ್ನು 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದವರು ಅಮೆರಿಕದ ಹ್ಯಾರಿ ಕ್ರೋ ಬಕ್. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತ ತಂಡದ ಮ್ಯಾನೇಜರ್ ಆಗಿ ಹೋದವರೂ ಇವರೇ. ಬಕ್ ಕಟ್ಟಿದ್ದು ಆಟಗಾರರ ತಂಡವನ್ನಲ್ಲ, ಆಟ ಕಲಿಸುವವರ ಶಾಲೆಯನ್ನು. ನಾವು ಪ್ರೀತಿಯಿಂದ ಡ್ರಿಲ್ ಮೇಷ್ಟ್ರು ಎನ್ನುವವರನ್ನು ತಯಾರು ಮಾಡುವ ಆ ಕೆಲಸ ನೂರು ವರ್ಷ ದಾಟಿದೆ.

ಈಗ 2016ರ ಪ್ರೀಮಿಯರ್ ಫುಟ್ಸಾಲ್ ಲೀಗಿಗೆ ಬರೋಣ. ಚೆನ್ನೈ, ಬೆಂಗಳೂರು, ಕೊಚ್ಚಿ, ಗೋವಾ, ಮುಂಬೈ, ಕೋಲ್ಕತ್ತ ಎಂದು ಆರು ತಂಡ. ಲೂಯಿಸ್ ಫಿಗೊ ಅಧ್ಯಕ್ಷರು, ವಿರಾಟ್ ಕೊಹ್ಲಿ ರಾಯಭಾರಿ, ಎ.ಆರ್. ರೆಹಮಾನ್ ಸಂಗೀತ. ಮುಂಬೈಗೆ ರಯಾನ್ ಗಿಗ್ಸ್, ಕೋಲ್ಕತ್ತಕ್ಕೆ ಕ್ರೆಸ್ಪೋ, ನಮ್ಮ ಬೆಂಗಳೂರಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಲ್ ಸ್ಕೋಲ್ಸ್. ಇವರೆಲ್ಲ ದೊಡ್ಡ ಮೈದಾನದ ದಿಗ್ಗಜರು. ಈ ಆಟದ್ದೇ ದಿಗ್ಗಜ ಎನಿಸಿದ್ದವರು ಚೆನ್ನೈ ತಂಡದ ಫಾಲ್ಕಾವ್. 2004 ಮತ್ತು 2008ರ ಫುಟ್ಸಾಲ್ ವಿಶ್ವಕಪ್‌ಗಳಲ್ಲಿ ಶ್ರೇಷ್ಠ ಆಟಗಾರ ಎನಿಸಿಕೊಂಡ ಬ್ರೆಜಿಲಿಗ.

ಜುಲೈ 15ರಿಂದ 24ರವರೆಗೆ, ಹತ್ತೇ ದಿನದಲ್ಲಿ ಋತು ಮುಗಿಯಿತು. ಚೆನ್ನೈ ಬಿಟ್ಟರೆ ಗೋವಾ; ಪಂದ್ಯಗಳು ನಡೆದದ್ದು ಈ ಎರಡೇ ಕಡೆ. ಹೀಗಾಗಿ ಬೆಂಗಳೂರು ತಂಡ ಆ ವರ್ಷ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಅದನ್ನು ಕಣ್ಣಾರೆ ಕಾಣುವ ಅವಕಾಶ ಬೆಂಗಳೂರಿಗರಿಗಿಂತ ಚೆನ್ನೈನ ಕನ್ನಡಿಗರಿಗೇ ಹತ್ತಿರವಿತ್ತು. ರೊನಾಲ್ಡಿನ್ಯೊ ಎರಡು ಪಂದ್ಯ ಆಡಿ ಹೊರಟರು. ಅವರ ಜಾಗಕ್ಕೆ ಕಾಫು ಬಂದರು. ಫೈನಲ್ಲಿನಲ್ಲಿ ಕೊಚ್ಚಿಯನ್ನು ಸೋಲಿಸಿ ಮುಂಬೈ ಗೆದ್ದಿತು.

ಈ ಲೀಗಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇರಲಿಲ್ಲ. ಮಾನ್ಯತೆ ಎಂದರೆ ಬರೀ ಮೊಹರಲ್ಲ. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೇಶದ ತಂಡಕ್ಕೆ ಹತ್ತುವ ಏಣಿ ಅದು. ಲೀಗಿನಲ್ಲಿ ಆಡಿದ ನಮ್ಮ ದೇಶದ ಹುಡುಗರಿಗೆ ದಿಗ್ಗಜರ ಪಕ್ಕ ನಿಲ್ಲುವ ಭಾಗ್ಯ ಸಿಕ್ಕಿತು, ಏಣಿ ಸಿಗಲಿಲ್ಲ. 2017ರಲ್ಲಿ ತಂಡಗಳ ಹೆಸರು ಬದಲಾಗಿ ಎರಡನೇ ಋತು ನಡೆಯಿತು. ಮೂರನೆಯದು ನಡೆಯಲೇ ಇಲ್ಲ.

ಫೆಡರೇಷನ್ನು ತನ್ನದೇ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ಆರಂಭಿಸಿದ್ದು 2021ರಲ್ಲಿ. ಮೊದಲ ಸಲ ಗೆದ್ದದ್ದು ಡೆಲ್ಲಿ ಎಫ್.ಸಿ. ಭಾರತದ ಪುರುಷರ ತಂಡ ಅಂತರರಾಷ್ಟ್ರೀಯ ಅಂಗಳಕ್ಕೆ ಇಳಿದದ್ದು 2023ರಲ್ಲಿ. ಮಾಂಟೆವಿಡಿಯೋದ ಮೇಷ್ಟ್ರು ನಿಯಮ ಬರೆದು ಆಗಲೇ ತೊಂಬತ್ತು ವರ್ಷ ಕಳೆದಿತ್ತು.

ಹಾಗೆಂದು ಆ ಹತ್ತು ದಿನವನ್ನು ಹಗುರವಾಗಿ ಕಾಣಬೇಕಿಲ್ಲ. ಫುಟ್ಸಾಲ್ ಎಂಬ ಪದವನ್ನು ನಮ್ಮಲ್ಲಿ ಅನೇಕರು ಕೇಳಿದ್ದೇ ಆಗ. ಆದರೆ ತಾರೆಯರು ಆಟದ ಹೆಸರನ್ನು ಊರಿಗೆ ತರಬಲ್ಲರು. ಅದನ್ನು ಊರಲ್ಲಿ ಉಳಿಸುವವರು ಮೇಷ್ಟ್ರುಗಳೇ. ಚೆನ್ನೈ ಇರಲಿ, ಬೆಂಗಳೂರಿರಲಿ, ಇವತ್ತು ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಐದೈದು ಜನ ಆಡುವ ಟರ್ಫ್‌ಗಳು ಬೇಕಾದಷ್ಟಿವೆ. ನಿಮ್ಮ ಮಗನೋ ಮಗಳೋ ಅಲ್ಲಿಗೆ ಹೊರಟರೆ ಗಂಟೆಗೆ ಎಷ್ಟು ಎಂದು ಕೇಳುವ ಜೊತೆಗೆ, ಕಲಿಸುವವರು ಯಾರು ಎಂದೂ ಒಂದು ಮಾತು ಕೇಳಿ.