ಬೆಂಗಳೂರಿನ ಮರೆತ ಸೇಬು

ತೋಟಗಾರಿಕೆಯ ಚರಿತ್ರೆಗೆ ಆಧಾರಗಳು ಎಲ್ಲೆಡೆಯಲ್ಲಿಯೂ ಒಂದೇ ಬಗೆಯಾಗಿ ಉಳಿದಿಲ್ಲ. ಹೊಸಪೇಟೆ, ಹಂಪೆಗಳ ಪ್ರದೇಶವನ್ನೇ ನೋಡಬಹುದು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ಮಾವು, ಹಲಸು, ನಿಂಬೆ, ಕಿತ್ತಳೆಗಳ ತೋಟಗಳನ್ನು ವರ್ಣಿಸಿದ್ದಾನೆ. ರಾಯನು ಕಟ್ಟಿಸಿದ ಕೆರೆಯ ನೀರು ಹರಿಯುವ ಭೂಮಿಯನ್ನು ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಕೊಡಲಾಯಿತೆಂದು ನೂನಿಜನು ತಿಳಿಸುತ್ತಾನೆ. ಅಂದಿನ ಕಾಲುವೆಗಳು ಇಂದಿಗೂ ಹರಿಯುತ್ತಿರುವುದರಿಂದ ಬರಹವನ್ನು ನೆಲದೊಡನೆ ಹೋಲಿಸಿ ಪರೀಕ್ಷಿಸಬಹುದು. ಬೆಂಗಳೂರಿನ ಸೇಬಿನ ವಿಷಯದಲ್ಲಿ ಈ ಅನುಕೂಲವಿಲ್ಲ.

ಬೆಂಗಳೂರಿನಲ್ಲಿ ಹೆಸರುಪಡೆದಿದ್ದ ಸೇಬಿನ ತಳಿ ‘ರೋಮ್ ಬ್ಯೂಟಿ’. ಇದರ ಮೂಲ ಇಟಲಿಯ ರೋಮ್ ನಗರವಲ್ಲ. 1817ರ ಸುಮಾರಿಗೆ ಅಮೆರಿಕದ ಓಹಾಯೋ ಪ್ರಾಂತದಲ್ಲಿ ನೆಟ್ಟ ಸಸಿಯೊಂದರ ಬುಡದಲ್ಲಿ ಚಿಗುರಿದ ಕವಲಿನಿಂದ ಇದು ಹುಟ್ಟಿತು. ಅಲ್ಲಿಯ ರೋಮ್ ಎಂಬ ಊರು ಇದಕ್ಕೆ ಹೆಸರು ಕೊಟ್ಟಿತು. ಹಣ್ಣು ದೊಡ್ಡದು, ದುಂಡನೆಯದು, ಸಿಪ್ಪೆ ದಪ್ಪ, ಬಣ್ಣ ಕೆಂಪು, ತಿರುಳು ಗಟ್ಟಿ. ಬಹುಕಾಲ ಕೆಡದೆ ಉಳಿಯುವುದೂ ಬೇಯಿಸಿದಾಗ ಆಕಾರ ಕಳೆದುಕೊಳ್ಳದಿರುವುದೂ ಇದರ ವಿಶೇಷ ಗುಣಗಳು.

ಸೇಬಿನ ಮರಕ್ಕೆ ಚಳಿಗಾಲದ ವಿಶ್ರಾಂತಿ ಅವಶ್ಯಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಆದರೂ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಎಚ್. ಸಿ. ಜವರಾಯರು 1943ರಲ್ಲಿ ಭಾರತೀಯ ತೋಟಗಾರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಬೆಂಗಳೂರಿನಲ್ಲಿ ಸೇಬಿನ ವರ್ಷಕ್ಕೆರಡು ಫಸಲು. ಚಳಿದೇಶಗಳಲ್ಲಿ ಒಂದೇ ಫಸಲು ಕೊಡುವ ಮರ ಇಲ್ಲಿ ಎರಡು ಕೊಟ್ಟಿತೆಂಬುದು ಗಮನಾರ್ಹ.

ಇದರ ರಹಸ್ಯ ಹವೆಗಿಂತ ಹೆಚ್ಚಾಗಿ ಕೈಕೆಲಸದಲ್ಲಿದೆ. ಉಷ್ಣದೇಶಗಳಲ್ಲಿ ನೀರನ್ನು ತಡೆದು, ಎಲೆಗಳನ್ನು ಕಿತ್ತು, ಮರವನ್ನು ಹೊಸದಾಗಿ ಚಿಗುರಿಸಿ ಹೂ ಬಿಡಿಸುತ್ತಾರೆ. ಜಾವಾ ದ್ವೀಪದ ಬಾಟು ಎಂಬಲ್ಲಿ ಇದೇ ತಳಿಯನ್ನು ಎಲೆ ಕೀಳುವ ಕ್ರಮದಿಂದಲೇ ಬೆಳೆಸಿದ್ದಾರೆ. ಬೆಂಗಳೂರಿನಲ್ಲಾದರೋ ಊರು ಬೆಳೆದು ತೋಟದ ನೆಲ ಮನೆಗಳ ಪಾಲಾಯಿತು. ತೋಟಗಳೊಡನೆ ಬೆಳೆಗಾರನ ಅನುಭವಜ್ಞಾನವೂ ಮರೆಯಾಯಿತು.

ತಳಿಯೊಂದು ಅಳಿಯಿತೆಂಬ ಮಾತು ಇಲ್ಲಿ ಸಲ್ಲದು. ರೋಮ್ ಬ್ಯೂಟಿ ಜಗತ್ತಿನಲ್ಲಿ ಉಳಿದಿದೆ. ಕಳೆದುಹೋದದ್ದು ಅದನ್ನು ಈ ನೆಲಕ್ಕೆ ಒಗ್ಗಿಸಿದ್ದ ವಿದ್ಯೆ. ಕಾಲುವೆಯಂತೆ ಅದು ಕಲ್ಲಿನಲ್ಲಿ ಉಳಿಯುವುದಿಲ್ಲ. ಆದುದರಿಂದ ಶಾಸನಗಳನ್ನೂ ಪ್ರವಾಸಕಥನಗಳನ್ನೂ ಸಂಗ್ರಹಿಸುವ ಚರಿತ್ರಕಾರನು ತೋಟಗಾರಿಕೆಯ ಹಳೆಯ ಪತ್ರಿಕೆಗಳನ್ನೂ ಅಷ್ಟೇ ಆದರದಿಂದ ಪರಿಶೀಲಿಸಬೇಕು.